ನಲವತ್ತು ದನಿಗಳ ಪ್ರಾರ್ಥನೆ: ‘ಸ್ಪೆಮ್ ಇನ್ ಆಲಿಯುಮ್’ ಕೇಳುವುದು ಹೇಗೆ

ಮೊದಲ ಸಲ ನಾನು ಇದನ್ನು ಫೋನಿನ ಸ್ಪೀಕರಿನಲ್ಲಿ ಕೇಳಿದೆ. ಅಡುಗೆಮನೆಯಲ್ಲಿ ನಿಂತುಕೊಂಡು, ಬೇರೆ ಕೆಲಸದ ನಡುವೆ. ಕೇಳಿಸಿದ್ದು ಒಂದು ದಪ್ಪ ಗುಂಯ್ ಸದ್ದು. ಚರ್ಚಿನ ಹಾಡು, ಚೆನ್ನಾಗಿದೆ ಅನ್ನಿಸಿತು, ಆದರೆ ಅದನ್ನು ಎಲ್ಲಿ ಹಿಡಿಯಬೇಕು ಅಂತ ಗೊತ್ತಾಗಲಿಲ್ಲ. ಅರ್ಧಕ್ಕೇ ನಿಲ್ಲಿಸಿದೆ. ಎಷ್ಟೋ ತಿಂಗಳ ಮೇಲೆ ಒಂದು ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಸದ್ದು ಒಂದು ಕಡೆಯಿಂದ ಹೊರಟು ಮೆಲ್ಲಗೆ ಇನ್ನೊಂದು ಕಡೆಗೆ ಸಾಗಿತು. ಆಮೇಲೆ ಹೋದ ದಾರಿಯಲ್ಲೇ ವಾಪಸು ಬಂತು. ಮಲೆನಾಡಿನಲ್ಲಿ ಮಳೆ ಆಚೆ ಗುಡ್ಡದಿಂದ ಹೊರಟು, ಗದ್ದೆ ದಾಟಿ, ನಮ್ಮ ಹೆಂಚಿನ ಮೇಲೆ ಬಂದು ಬೀಳುತ್ತದಲ್ಲ, ಆ ಥರ. ಅವತ್ತಿನಿಂದ ಇದು ನನ್ನ ಜೊತೆಗಿದೆ.

ಹಾಡಿನ ಹೆಸರು ‘ಸ್ಪೆಮ್ ಇನ್ ಆಲಿಯುಮ್’. ಬರೆದವರು ಇಂಗ್ಲೆಂಡಿನ ಥಾಮಸ್ ಟಾಲಿಸ್. ಕಾಲ ಸುಮಾರು 1570. ವಾದ್ಯ ಬೇಕಿಲ್ಲ, ಬರೀ ಮನುಷ್ಯರ ದನಿ. ನಲವತ್ತು ದನಿಗಳು, ನಲವತ್ತಕ್ಕೂ ಬೇರೆ ಬೇರೆ ಹಾಡು. ಒಬ್ಬರು ಹಾಡುವುದನ್ನು ಇನ್ನೊಬ್ಬರು ಹಾಡುವುದಿಲ್ಲ. ಐದೈದು ಜನರ ಎಂಟು ಮೇಳಗಳು. ಒಟ್ಟು ಹತ್ತು ನಿಮಿಷದ ಆಸುಪಾಸು.

ಕರ್ನಾಟಕ ಸಂಗೀತವೋ ಹಿಂದೂಸ್ತಾನಿಯೋ ಭಾವಗೀತೆಯೋ ಕೇಳಿ ಬೆಳೆದ ಕಿವಿಗೆ ಇದು ಮೊದಲು ಕಷ್ಟ. ನನಗೂ ಕಷ್ಟವಾಯಿತು. ಆದರೆ ದಾರಿ ಗೊತ್ತಾದರೆ ಒಂದು ವಾರದಲ್ಲಿ ಈ ಹಾಡು ನಿಮ್ಮದಾಗುತ್ತದೆ. ನಾನು ಹೋದ ದಾರಿಯನ್ನೇ ಹಂತ ಹಂತವಾಗಿ ಬರೆಯುತ್ತೇನೆ. ಪಾಶ್ಚಾತ್ಯ ಸಂಗೀತದ ಪಾಠ ಆಗಿರಬೇಕು ಅಂತೇನೂ ಇಲ್ಲ.

ಹಂತ 1: ಸರಳೆ ವರಸೆಯಿಂದ ಶುರು ಮಾಡಿ

ಇದು ವಿಚಿತ್ರ ಅನ್ನಿಸಬಹುದು, ಆದರೆ ಹಾಡು ಹಾಕುವ ಮೊದಲು ಒಂದು ಪ್ರಯೋಗ ಮಾಡಿ. ಮನೆಯಲ್ಲಿ ಸಂಗೀತ ಪಾಠ ಕಲಿಯುತ್ತಿರುವ ಮಕ್ಕಳಿದ್ದರೆ ಕರೆಯಿರಿ. ಇಬ್ಬರು ಸಾಕು.

ಮಾಯಾಮಾಳವಗೌಳದಲ್ಲಿ ಮೊದಲ ಸರಳೆ ವರಸೆ. ಸ ರಿ ಗ ಮ ಪ ದ ನಿ ಸ, ಸ ನಿ ದ ಪ ಮ ಗ ರಿ ಸ. ಒಬ್ಬರು ಶುರು ಮಾಡಲಿ. ಅವರು ‘ಗ’ ಹಾಡುವಾಗ ಎರಡನೆಯವರು ‘ಸ’ ಎಂದು ಶುರು ಮಾಡಲಿ. ಇಬ್ಬರೂ ಒಂದೇ ಕಾಲದಲ್ಲಿ, ನಿಧಾನವಾಗಿ, ಪ್ರತಿ ಸ್ವರವನ್ನೂ ಎಳೆದು ಹಾಡಿ.

ಈಗ ಏನಾಗುತ್ತದೆ ಕೇಳಿ. ‘ಗ’ ಜೊತೆ ‘ಸ’, ‘ಮ’ ಜೊತೆ ‘ರಿ’, ‘ಪ’ ಜೊತೆ ‘ಗ’. ಎರಡೂ ಸ್ವರ ಒಟ್ಟಿಗೆ ಕೇಳಿದಾಗ ಹಿತವಾಗಿ ಹೊಂದಿಕೊಳ್ಳುತ್ತವೆ. ಆದರೆ ಮೇಲಿನ ಷಡ್ಜದ ಹತ್ತಿರ ತಿರುಗುವಾಗ ಒಬ್ಬರ ‘ಸ’ ಇನ್ನೊಬ್ಬರ ‘ನಿ’ಗೆ ತಾಗುತ್ತದೆ. ಎರಡೇ ಎರಡು ಸ್ವರ. ಕಿವಿಗೆ ಚುರ್ ಅನ್ನುತ್ತದೆ. ಮುಂದಿನ ಸ್ವರಕ್ಕೆ ಹೋದ ತಕ್ಷಣ ಮತ್ತೆ ಹಿತ.

ಈ ಹಿತ, ಈ ಚುರ್, ಮತ್ತೆ ಹಿತ. ಟಾಲಿಸ್‌ನ ಕಾಲದ ಯುರೋಪಿನ ಪವಿತ್ರ ಸಂಗೀತ ನಿಂತಿರುವುದು ಇದರ ಮೇಲೆ. ಇದನ್ನು ಅವರು ಪಾಲಿಫನಿ ಎನ್ನುತ್ತಾರೆ, ಅಂದರೆ ಬಹುದನಿ. ಒಬ್ಬೊಬ್ಬರೂ ತಮ್ಮ ಹಾಡನ್ನು ತಾವು ಹಾಡಿಕೊಂಡು ಹೋಗುತ್ತಾರೆ. ಅವು ಒಂದಕ್ಕೊಂದು ತಾಗುವ, ಬಿಡುವ, ಸೇರುವ ಜಾಗಗಳಲ್ಲಿ ಸಂಗೀತ ಇರುತ್ತದೆ.

ನಮ್ಮ ಭಜನೆಯಲ್ಲಿ ನೂರು ಜನ ಕೂತಿದ್ದರೂ ಹಾಡು ಒಂದೇ. ಕಛೇರಿಯಲ್ಲಿ ಗಾಯಕರ ಹಾಡನ್ನು ಪಿಟೀಲು ಹಿಂಬಾಲಿಸುತ್ತದೆ, ತಂಬೂರಿ ಶ್ರುತಿ ಹಿಡಿದಿರುತ್ತದೆ. ಹಾಗಾಗಿ ನಮ್ಮ ಕಿವಿ ಯಾವಾಗಲೂ ‘ಮುಖ್ಯ ಹಾಡು ಯಾವುದು’ ಅಂತ ಹುಡುಕುತ್ತದೆ. ಇಲ್ಲಿ ಮುಖ್ಯ ಹಾಡು ಅಂತ ಒಂದಿಲ್ಲ. ಹುಡುಕಿ ಹುಡುಕಿ ಸಿಗದಿದ್ದಾಗ ಕಿವಿ ಸೋತು ಎಲ್ಲವನ್ನೂ ಒಂದು ಮುದ್ದೆ ಮಾಡಿಬಿಡುತ್ತದೆ. ನನಗೆ ಅಡುಗೆಮನೆಯಲ್ಲಿ ಆಗಿದ್ದು ಅದೇ.

ಮಂಗಳೂರು, ಉಡುಪಿ, ಧಾರವಾಡದ ಕಡೆ ಚರ್ಚಿನ ಕಾಯರ್‌ನಲ್ಲಿ, ಅಂದರೆ ಗಾಯಕರ ಮೇಳದಲ್ಲಿ, ಹಾಡಿದವರಿಗೆ ಈ ತೊಂದರೆ ಕಡಿಮೆ. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಅಂತ ನಾಲ್ಕು ಪಾರ್ಟ್ ಹಾಡಿ ಅವರಿಗೆ ಅಭ್ಯಾಸ. ಅಂಥ ಸ್ನೇಹಿತರಿದ್ದರೆ ಒಂದು ಸಂಜೆ ಅವರ ಪಕ್ಕ ಕೂತು ಕೇಳಿ. ಪುಸ್ತಕ ಓದುವುದಕ್ಕಿಂತ ಬೇಗ ಅರ್ಥವಾಗುತ್ತದೆ.

ಹಂತ 2: ಮಾತುಗಳನ್ನು ಮೊದಲೇ ಬಾಯಲ್ಲಿ ಆಡಿಸಿಕೊಳ್ಳಿ

ಇದನ್ನು ಬಿಡಬೇಡಿ. ಭಾಷೆ ಲ್ಯಾಟಿನ್. ಇರುವುದು ಎರಡೇ ವಾಕ್ಯ. ಅದನ್ನೇ ಹತ್ತು ನಿಮಿಷ ಹಾಡುತ್ತಾರೆ. ನಾಲ್ಕೈದು ಸಲ ಜೋರಾಗಿ ಓದಿಕೊಂಡರೆ ಹಾಡಿನ ನಡುವೆ ಆ ಪದಗಳು ಪರಿಚಯದವರ ಮುಖದ ಹಾಗೆ ಕಾಣಿಸಿಕೊಳ್ಳುತ್ತವೆ.

ಚರ್ಚುಗಳಲ್ಲಿ ಇವತ್ತು ಹಾಡುವ ಉಚ್ಚಾರ ಹೆಚ್ಚುಕಡಿಮೆ ಹೀಗಿರುತ್ತದೆ:

ಸ್ಪೆಮ್ ಇನ್ ಆಲಿಯುಮ್ ನುಂಕ್ವಾಮ್ ಆಬುಯಿ
ಪ್ರೇತೆರ್ ಇನ್ ತೆ, ದೆಉಸ್ ಇಸ್ರಾಎಲ್,
ಕ್ವಿ ಇರಾಶೆರಿಸ್ ಎತ್ ಪ್ರೊಪಿತ್ಸಿಯುಸ್ ಎರಿಸ್,
ಎತ್ ಓಮ್ನಿಯಾ ಪೆಕ್ಕಾತಾ ಓಮಿನುಮ್
ಇನ್ ತ್ರಿಬುಲಾತ್ಸಿಯೋನೆ ದಿಮಿತ್ತಿಸ್.
ದೋಮಿನೆ ದೆಉಸ್, ಕ್ರೆಆತೊರ್ ಚೇಲಿ ಎತ್ ತೆರ್ರೆ,
ರೆಸ್ಪಿಚೆ ಉಮಿಲಿತಾತೆಮ್ ನೋಸ್ತ್ರಾಮ್.

ಅರ್ಥ ಇಷ್ಟು. ಇಸ್ರಾಯೇಲಿನ ದೇವರೇ, ನಿನ್ನನ್ನು ಬಿಟ್ಟು ಬೇರೆ ಯಾರ ಮೇಲೂ ನಾನು ಎಂದೂ ಭರವಸೆ ಇಟ್ಟವನಲ್ಲ. ನೀನು ಸಿಟ್ಟಾಗುತ್ತೀ, ಮತ್ತೆ ಕರುಣೆಯನ್ನೂ ತೋರಿಸುತ್ತೀ. ಕಷ್ಟದಲ್ಲಿ ಬಿದ್ದ ಮನುಷ್ಯರ ಪಾಪಗಳನ್ನೆಲ್ಲ ಮನ್ನಿಸುತ್ತೀ. ಒಡೆಯನೇ, ದೇವರೇ, ಆಕಾಶ ಭೂಮಿಗಳನ್ನು ಮಾಡಿದವನೇ, ನಮ್ಮ ದೀನತೆಯನ್ನು ಕಣ್ಣೆತ್ತಿ ನೋಡು.

ನೀನಲ್ಲದೆ ಇನ್ಯಾರು ಎನ್ನುವ ಈ ಮೊರೆ ದಾಸರ ಪದ ಕೇಳಿದವರಿಗೆ ಹೊಸದಲ್ಲ. ನನಗೆ ಈ ಹಾಡು ಹತ್ತಿರವಾದದ್ದೇ ಈ ಅರ್ಥ ತಿಳಿದ ಮೇಲೆ. ಮಾತುಗಳು ಬಂದಿರುವುದು ಯೂದಿತ್ ಎಂಬ ಹೆಂಗಸಿನ ಕಥೆಗೆ ಸೇರಿದ ಒಂದು ಹಳೆಯ ಪ್ರಾರ್ಥನೆಯಿಂದ. ಶತ್ರು ಸೇನೆ ಊರನ್ನು ಮುತ್ತಿಕೊಂಡಿರುವಾಗ ದೇವರನ್ನೇ ನಂಬಿ, ಒಬ್ಬ ದಾಸಿಯನ್ನು ಮಾತ್ರ ಕರೆದುಕೊಂಡು ಶತ್ರುವಿನ ಡೇರೆಗೆ ಹೋಗುವವಳು ಅವಳು. ಇಂಗ್ಲೆಂಡಿನ ಸಾಲ್ಸ್‌ಬರಿಯ ಹಳೆಯ ಕ್ಯಾಥೋಲಿಕ್ ಪದ್ಧತಿಯಲ್ಲಿ ಇದನ್ನು ಇರುಳಿನ ಪ್ರಾರ್ಥನೆಯಲ್ಲಿ ಹೇಳುತ್ತಿದ್ದರು.

ಒಂದು ಪದವನ್ನು ಮಾತ್ರ ವಿಶೇಷವಾಗಿ ನೆನಪಿಟ್ಟುಕೊಳ್ಳಿ. ‘ರೆಸ್ಪಿಚೆ’. ಅಂದರೆ ‘ನೋಡು’. ಅದು ಬರುವ ಜಾಗಕ್ಕಾಗಿ ನಾವು ಕಾಯಬೇಕು.

ಹಂತ 3: ಕಿವಿಗೆ ಜಾಗ ಮಾಡಿಕೊಡಿ

ಫೋನಿನ ಸ್ಪೀಕರ್ ಬೇಡವೇ ಬೇಡ. ಎಂಟು ಮೇಳಗಳು ಎಂಟು ಕಡೆ ನಿಂತಿವೆ ಅನ್ನುವುದು ಗೊತ್ತಾಗಬೇಕಾದರೆ ಎಡ ಬಲ ಬೇರೆ ಕೇಳಬೇಕು. ಸಾಧಾರಣ ಇಯರ್‌ಫೋನ್ ಸಾಕು, ದುಬಾರಿಯದು ಬೇಕಿಲ್ಲ. ಎರಡು ಸ್ಪೀಕರ್ ಇದ್ದರೆ ಅವುಗಳನ್ನು ಸಾಕಷ್ಟು ದೂರ ಇಟ್ಟು ಎದುರಿಗೆ, ನಡುವೆ ಕೂತುಕೊಳ್ಳಿ. ಶುರುವಿನಲ್ಲಿ ಒಂದೇ ಒಂದು ದನಿ ಇರುವುದರಿಂದ ಸದ್ದು ಕಡಿಮೆ ಅನ್ನಿಸುತ್ತದೆ. ಆಗ ವಾಲ್ಯೂಮ್ ಏರಿಸಬೇಡಿ. ಮೂರು ನಿಮಿಷದಲ್ಲಿ ನಲವತ್ತೂ ಜನ ಒಟ್ಟಿಗೆ ಬರುತ್ತಾರೆ.

ಆಟೋಪ್ಲೇ ಆಫ್ ಮಾಡಿ. ಮುಗಿದ ತಕ್ಷಣ ಬೇರೆ ಹಾಡು ನುಗ್ಗಿದರೆ ಕೊನೆಯ ದನಿ ಕಲ್ಲಿನ ಗೋಡೆಗಳಲ್ಲಿ ಕರಗುವುದು ಕೇಳಿಸುವುದಿಲ್ಲ.

ಹಂತ 4: ಮೊದಲ ಸಲ, ಅಲೆಯನ್ನು ಮಾತ್ರ ಕೇಳಿ

ಯಾರು ಏನು ಹಾಡುತ್ತಿದ್ದಾರೆ ಅಂತ ನೋಡಲು ಹೋಗಬೇಡಿ. ಸದ್ದು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಅನ್ನುವುದನ್ನು ಮಾತ್ರ ಗಮನಿಸಿ.

ಮೊದಲ ಮೇಳದಿಂದ ಒಂದು ದನಿ ಏಳುತ್ತದೆ. ‘ಸ್ಪೆಮ್’. ಅದರ ಹಿಂದೆ ಇನ್ನೊಂದು ದನಿ ಅದೇ ಮಾತನ್ನು ಹಿಡಿದು ಬರುತ್ತದೆ. ಮತ್ತೊಂದು. ನೀವು ಸರಳೆ ವರಸೆಯಲ್ಲಿ ಮಾಡಿದ್ದೂ ಇದನ್ನೇ ಅಲ್ವಾ? ಮೊದಲ ಮೇಳ ತುಂಬಿದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಮುಂದಿನ ಮೇಳಗಳು ಸೇರುತ್ತಿದ್ದ ಹಾಗೆ ಹಿಂದಿನವು ಒಂದೊಂದಾಗಿ ಸುಮ್ಮನಾಗುತ್ತವೆ. ಹೀಗೆ ಹಾಡು ಮೊದಲ ಮೇಳದಿಂದ ಎಂಟನೆಯದರವರೆಗೆ ನಡೆದುಕೊಂಡು ಹೋಗುತ್ತದೆ.

ಮೂರು ನಿಮಿಷದ ಹತ್ತಿರ ಮೊದಲ ದೊಡ್ಡ ಘಟನೆ. ನಲವತ್ತೂ ದನಿಗಳು ಒಟ್ಟಿಗೆ. ಇದು ಬರುವುದು ಸರಿಯಾಗಿ ನಲವತ್ತನೆಯ ಬಾರ್‌ನಲ್ಲಿ. ಬಾರ್ ಅಂದರೆ ಅವರ ಸ್ವರಲಿಪಿಯಲ್ಲಿ ಒಂದು ಗೆರೆಯಿಂದ ಇನ್ನೊಂದು ಗೆರೆಯವರೆಗಿನ ಅಳತೆ, ನಮ್ಮ ಆವರ್ತದ ಹಾಗೆ ಅಂದುಕೊಳ್ಳಿ. ನಲವತ್ತು ದನಿ, ನಲವತ್ತನೆಯ ಬಾರ್. ಇದು ಸುಮ್ನೆ ಆದದ್ದು ಅಂತ ನನಗೆ ಅನ್ನಿಸುವುದಿಲ್ಲ.

ಆಮೇಲೆ ಅಲೆ ತಿರುಗುತ್ತದೆ. ಈಗ ಎಂಟನೆಯ ಮೇಳದ ಕಡೆಯಿಂದ ಹೊರಟು ಒಂದನೆಯದರ ಕಡೆಗೆ. ಮಧ್ಯದಲ್ಲಿ ಮತ್ತೊಮ್ಮೆ ಎಲ್ಲರೂ ಸೇರುತ್ತಾರೆ. ಅದಾದ ಮೇಲೆ ಆಟದ ರೀತಿ ಬದಲಾಗುತ್ತದೆ. ಇಷ್ಟು ಹೊತ್ತು ಹರಿಯುತ್ತಿದ್ದ ಹಾಡು ಈಗ ಎಸೆದಾಟವಾಗುತ್ತದೆ. ಒಂದೆರಡು ಮೇಳಗಳು ಒಂದು ತುಂಡನ್ನು ಹಾಡಿದರೆ, ಎದುರಿನ ಮೇಳಗಳು ಅದಕ್ಕೆ ಉತ್ತರ ಕೊಡುತ್ತವೆ. ಈ ಭಾಗದಲ್ಲಿ ಐದಾರು ಜನ ಒಟ್ಟಿಗೆ ಒಂದೇ ಪದ ಉಚ್ಚರಿಸುವುದರಿಂದ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಓದಿಕೊಂಡದ್ದು ಇಲ್ಲಿ ಕೈಗೆ ಬರುತ್ತದೆ.

ಕೊನೆಯ ಹತ್ತಿರ ಬಂದಾಗ ಮೈಯೆಲ್ಲ ಕಿವಿಯಾಗಿರಿ. ಎಲ್ಲರೂ ಒಮ್ಮೆಲೇ ನಿಲ್ಲಿಸುತ್ತಾರೆ. ಒಂದು ಉಸಿರಿನಷ್ಟು ಮೌನ. ಆಮೇಲೆ ನಲವತ್ತೂ ಬಾಯಿಂದ ಒಟ್ಟಿಗೆ ‘ರೆಸ್ಪಿಚೆ’. ಕಿವಿ ಕಾಯುತ್ತಿದ್ದ ಸ್ವರಗಳೇ ಬೇರೆ, ಬಂದ ಸ್ವರಗಳೇ ಬೇರೆ. ಕತ್ತಲ ಕೋಣೆಯ ಬಾಗಿಲನ್ನು ಯಾರೋ ದಡಾರನೆ ತೆಗೆದ ಹಾಗೆ. ‘ನೋಡು’ ಅಂತ ದೇವರಿಗೆ ಹೇಳುವ ಪದ ಅದು. ನೂರಾರು ಸಲ ಕೇಳಿದ ಮೇಲೂ ಆ ಮೌನದಲ್ಲಿ ನಾನು ಉಸಿರು ಹಿಡಿಯುತ್ತೇನೆ.

ಅಲ್ಲಿಂದ ಮುಗಿಯುವವರೆಗೆ ಎಲ್ಲರೂ ಇರುತ್ತಾರೆ. ‘ನಮ್ಮ ದೀನತೆಯನ್ನು ನೋಡು’ ಎಂಬ ಮಾತಿಗೆ ಇಡೀ ಹಾಡಿನ ಅತಿ ದೊಡ್ಡ ಸದ್ದು.

ಮೊದಲ ದಿನ ಇಷ್ಟು ಸಾಕು. ಮತ್ತೆ ಹಾಕಬೇಡಿ, ನಾಳೆಗೆ ಇರಲಿ.

ಸ್ವಲ್ಪ ನಿಲ್ಲಿ: ನಲವತ್ತು ಯಾಕೆ?

ಎರಡನೇ ಸಲ ಕೇಳುವ ಮೊದಲು ಈ ಕಥೆ ಗೊತ್ತಿದ್ದರೆ ಒಳ್ಳೆಯದು.

ಇಟಲಿಯಲ್ಲಿ ಅಲೆಸಾಂಡ್ರೊ ಸ್ಟ್ರಿಜ್ಜೊ ಎಂಬ ಸಂಗೀತಗಾರ ಇದ್ದ. ಮಾಂಟುವಾದ ಮನೆತನದವನು, ಫ್ಲಾರೆನ್ಸಿನ ಮೆಡಿಚಿ ದೊರೆಗಳ ಹತ್ತಿರ ಕೆಲಸ. ಅವನು ಆಗಲೇ ನಲವತ್ತು ದನಿಗಳ ಹಾಡು ಬರೆದಿದ್ದ. 1567ರಲ್ಲಿ ಅವನು ಲಂಡನ್ನಿಗೆ ಬಂದ. ಅವನ ನಲವತ್ತು ದನಿಗಳ ಸಂಗೀತದ ಸುದ್ದಿ ಇಂಗ್ಲೆಂಡಿಗೆ ಮುಟ್ಟಿದ್ದು ಹೀಗೆ ಎಂದು ವಿದ್ವಾಂಸರು ನಂಬುತ್ತಾರೆ.

1611ರ ಒಂದು ಬರಹದಲ್ಲಿ ಮುಂದಿನ ಕಥೆ ಇದೆ. ಇಟಲಿಯ ಹಾಡನ್ನು ಕೇಳಿದ ಒಬ್ಬ ಡ್ಯೂಕ್, ನಮ್ಮ ಇಂಗ್ಲಿಷರಲ್ಲಿ ಇಂಥದ್ದನ್ನು ಬರೆಯುವವರು ಯಾರೂ ಇಲ್ಲವೇ ಅಂತ ಕೇಳಿದನಂತೆ. ಟಾಲಿಸ್ ಒಪ್ಪಿಕೊಂಡು ಬರೆದ. ಅರಂಡೆಲ್ ಹೌಸ್ ಎಂಬ ಬಂಗಲೆಯ ಉದ್ದನೆಯ ಹಜಾರದಲ್ಲಿ ಹಾಡಿಸಿದರು. ಅದು ಇಟಲಿಯ ಹಾಡನ್ನೂ ಮೀರಿಸಿತು. ಡ್ಯೂಕ್ ತನ್ನ ಕೊರಳಿನ ಚಿನ್ನದ ಸರವನ್ನು ತೆಗೆದು ಟಾಲಿಸ್‌ನ ಕೊರಳಿಗೆ ಹಾಕಿದನಂತೆ. ನಡೆದು ಎಷ್ಟೋ ವರ್ಷದ ಮೇಲೆ ಬರೆದಿಟ್ಟ ಕಥೆ ಇದು. ಹಾಗಾಗಿ ‘ಅಂತೆ’ ಎಂದೇ ಹೇಳಬೇಕು.

ಆ ಬಂಗಲೆಯ ಒಡೆಯ, ಅರಂಡೆಲ್ ಅರ್ಲ್ ಎಂಬ ಪದವಿಯ ಶ್ರೀಮಂತ ಹೆನ್ರಿ ಫಿಟ್ಸ್‌ಅಲನ್‌ಗೆ ನಾನ್‌ಸಚ್ ಎಂಬ ಇನ್ನೊಂದು ಅರಮನೆಯೂ ಇತ್ತು. ಅಲ್ಲಿನ ಔತಣದ ಮಂಟಪಕ್ಕೆ ಎಂಟು ಮೂಲೆ. 1596ರಲ್ಲಿ ಆ ಅರಮನೆಯ ಪುಸ್ತಕಗಳ ಪಟ್ಟಿ ಮಾಡಿದಾಗ ಅದರಲ್ಲಿ ಟಾಲಿಸ್‌ನ ನಲವತ್ತು ದನಿಗಳ ಹಾಡೂ ಸೇರಿತ್ತು. ಎಂಟು ಮೂಲೆಯ ಮಂಟಪ, ಎಂಟು ಮೇಳ. ಟಾಲಿಸ್ ಇದನ್ನು ಆ ಜಾಗಕ್ಕೆಂದೇ ಬರೆದಿರಬಹುದು, ಕೇಳುವವರ ಸುತ್ತ ಹಾಡುವವರು ನಿಂತಿರಬಹುದು ಎಂದು ಹಲವರು ಹೇಳುತ್ತಾರೆ. ನಿಮ್ಮ ಕಿವಿಯಲ್ಲಿ ಅಲೆ ಸುತ್ತುವುದನ್ನು ಕೇಳಿದ್ದರೆ ಈ ಮಾತು ನಂಬಬೇಕು ಅನ್ನಿಸುತ್ತದೆ.

ಟಾಲಿಸ್‌ನ ಬದುಕಿನ ಬಗ್ಗೆ ಒಂದು ವಿಷಯ. ಅವನು ಹುಟ್ಟಿದ್ದು 1505ರ ಸುಮಾರಿಗೆ, ತೀರಿಕೊಂಡದ್ದು 1585ರ ನವೆಂಬರಿನಲ್ಲಿ. ತರುಣನಾಗಿದ್ದಾಗ ಮಠಗಳಲ್ಲಿ ಕೆಲಸ ಮಾಡುತ್ತಿದ್ದ. ಎಂಟನೇ ಹೆನ್ರಿ ಪೋಪ್ ಜೊತೆ ಸಂಬಂಧ ಕಡಿದುಕೊಂಡು ಮಠಗಳನ್ನೆಲ್ಲ ಮುಚ್ಚಿಸಿದಾಗ, 1540ರಲ್ಲಿ ವಾಲ್ತಮ್ ಮಠ ಮುಚ್ಚಿ ಅವನ ಕೆಲಸ ಹೋಯಿತು. ಆಮೇಲೆ ಅರಮನೆಯ ಚಾಪೆಲ್ ರಾಯಲ್ ಎಂಬ ಗಾಯಕರ ತಂಡ ಸೇರಿದ. ಹೆನ್ರಿ, ಎಡ್ವರ್ಡ್, ಮೇರಿ, ಎಲಿಜಬೆತ್, ನಾಲ್ಕು ದೊರೆಗಳ ಕಾಲ ನೋಡಿದ. ಎಡ್ವರ್ಡ್ ಬಂದಾಗ ಪ್ರಾರ್ಥನೆ ಇಂಗ್ಲಿಷಿಗೆ ಹೋಯಿತು. ಮೇರಿ ಬಂದಾಗ ಮತ್ತೆ ಲ್ಯಾಟಿನ್. ಎಲಿಜಬೆತ್ ಬಂದಾಗ ಮತ್ತೆ ಇಂಗ್ಲಿಷ್. ಯಾವ ಭಾಷೆಯಲ್ಲಿ ಕೇಳಿದರೂ ಅವನು ಬರೆದುಕೊಟ್ಟ. ಕೊನೆಯವರೆಗೂ ಮನಸ್ಸಿನಲ್ಲಿ ಕ್ಯಾಥೋಲಿಕ್ ಆಗಿಯೇ ಇದ್ದ ಎನ್ನುವವರೇ ಜಾಸ್ತಿ. ಅರವತ್ತು ದಾಟಿದ ಮೇಲೆ ಹಳೆಯ ಪದ್ಧತಿಯ ಲ್ಯಾಟಿನ್ ಪ್ರಾರ್ಥನೆಯನ್ನು ಎತ್ತಿಕೊಂಡು, ‘ನಿನ್ನನ್ನು ಬಿಟ್ಟು ಯಾರನ್ನೂ ನಂಬಿಲ್ಲ’ ಅಂತ ನಲವತ್ತು ಬಾಯಲ್ಲಿ ಹೇಳಿಸಿದ. ಇದನ್ನು ತಿಳಿದು ಕೇಳಿದಾಗ ಆ ಮೊದಲ ಒಂಟಿ ದನಿ ಬೇರೆಯೇ ಆಗಿ ಕೇಳಿಸುತ್ತದೆ.

ಹಂತ 5: ಎರಡನೇ ಸಲ, ಕೆಳಗಿನ ದನಿಗಳನ್ನು ಹಿಡಿಯಿರಿ

ಕಿವಿ ಸಹಜವಾಗಿ ಮೇಲಿನ ದನಿಗೆ ಹೋಗುತ್ತದೆ. ಈ ಸಲ ಬೇಕಂತಲೇ ಕೆಳಗೆ ಹೋಗಿ. ಪ್ರತಿ ಮೇಳದಲ್ಲೂ ಮೇಲಿಂದ ಕೆಳಕ್ಕೆ ಐದು ದನಿ: ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್, ಬೇಸ್. ಅಂದರೆ ಎಂಟು ಬೇಸ್ ಇದ್ದಾರೆ.

ಮೇಲೆ ಎಷ್ಟು ಗಿಜಿಗಿಜಿ ಇದ್ದರೂ ಕೆಳಗೆ ಸ್ವರಗಳು ನಿಧಾನವಾಗಿ, ದೊಡ್ಡ ದೊಡ್ಡ ಹೆಜ್ಜೆ ಇಟ್ಟು ಬದಲಾಗುತ್ತವೆ. ಟಾಲಿಸ್‌ನ ಗುಟ್ಟು ಇಲ್ಲಿದೆ. ನಲವತ್ತು ದನಿಗಳಿಗೆ ಬೇಗ ಬೇಗ ಸ್ವರ ಬದಲಾಯಿಸಿದರೆ ಅದು ಗಲಾಟೆ. ಅವನು ತಳಪಾಯವನ್ನು ತುಂಬ ಸರಳವಾಗಿ ಇಟ್ಟಿದ್ದಾನೆ. ಅದರ ಮೇಲೆ ಒಬ್ಬೊಬ್ಬರೂ ಬೇರೆ ಬೇರೆ ಹೊತ್ತಿಗೆ, ಬೇರೆ ಬೇರೆ ತಾಳದಲ್ಲಿ ಓಡಾಡುತ್ತಾರೆ. ತಂಬೂರಿ ಮೀಟುತ್ತಿರುವಾಗ ಗಾಯಕರು ಅದರ ಮೇಲೆ ಧೈರ್ಯವಾಗಿ ಓಡಾಡುವುದನ್ನು ಕೇಳಿದ ನಮಗೆ ಈ ನೆಮ್ಮದಿ ಗೊತ್ತು. ವ್ಯತ್ಯಾಸ ಏನೆಂದರೆ ಇಲ್ಲಿ ಆಧಾರವೂ ನಿಧಾನಕ್ಕೆ ಜಾಗ ಬದಲಾಯಿಸುತ್ತದೆ.

ಇದು ಎಷ್ಟು ಕಷ್ಟದ ಕೆಲಸ ಅಂತ ಒಂದು ಮಾತು ಹೇಳಲೇಬೇಕು. ಆ ಕಾಲದ ನಿಯಮದಲ್ಲಿ ಎರಡು ದನಿಗಳು ಷಡ್ಜ-ಪಂಚಮದಷ್ಟು ಅಂತರ ಇಟ್ಟುಕೊಂಡು ಜೊತೆಜೊತೆಯಾಗಿ ಏರಬಾರದು, ಇಳಿಯಬಾರದು. ಷಡ್ಜದಿಂದ ಮೇಲಿನ ಷಡ್ಜದ ಅಂತರದಲ್ಲೂ ಹಾಗೆಯೇ. ನಾಲ್ಕು ದನಿಗೆ ಬರೆಯುವಾಗಲೇ ವಿದ್ಯಾರ್ಥಿಗಳು ತಪ್ಪು ಮಾಡುತ್ತಾರೆ. ನಲವತ್ತಕ್ಕೆ ಅದನ್ನು ತಪ್ಪಿಸುತ್ತಾ ಹೋಗುವುದು ಅಂದರೆ ಕಾಗದದ ಮೇಲೆ ಎಷ್ಟು ರಾತ್ರಿ ಕೂತಿದ್ದನೋ.

ಕೇಳುತ್ತಾ ಇನ್ನೊಂದನ್ನು ಗಮನಿಸಿ. ಆಗಾಗ ಒಂದು ಸಿಹಿಯಾದ ಗಾಯದಂಥ ಚುರುಕು ಬರುತ್ತದೆ. ಆ ಕಾಲದ ಇಂಗ್ಲಿಷ್ ಸಂಗೀತಕ್ಕೆ ಇದು ತುಂಬ ಇಷ್ಟ. ನಮ್ಮ ಮಾತಿನಲ್ಲಿ ಹೇಳಿದರೆ, ಒಂದು ದನಿ ಕಾಕಲಿ ನಿಷಾದ ಹಿಡಿದಿರುವಾಗ ಅದರ ಪಕ್ಕದಲ್ಲೇ ಇನ್ನೊಂದು ದನಿ ಕೈಶಿಕಿ ನಿಷಾದ ಹಾಡುತ್ತದೆ. ನಮ್ಮಲ್ಲಿ ಇದನ್ನು ಅಪಸ್ವರ ಅಂದುಬಿಡುತ್ತೇವೆ. ಇಲ್ಲಿ ಒಬ್ಬೊಬ್ಬರಿಗೂ ಅವರ ಹಾಡಿನಲ್ಲಿ ಅದು ಸರಿ, ಹಾಗಾಗಿ ಇಬ್ಬರೂ ಬಿಟ್ಟುಕೊಡುವುದಿಲ್ಲ. ಒಂದು ಕ್ಷಣ ತಾಗಿ, ಮುಂದೆ ಹೋಗುತ್ತಾರೆ.

ಹಂತ 6: ಒಂದೇ ದನಿಯ ಬೆನ್ನು ಹತ್ತಿ

ಈಗ ಸ್ವರಲಿಪಿ ನೋಡುವ ಹೊತ್ತು. ಭಯ ಬೇಡ, ಓದಲು ಬರಬೇಕಿಲ್ಲ. ಐಎಂಎಸ್‌ಎಲ್‌ಪಿ ಮತ್ತು ಸಿಪಿಡಿಎಲ್ ಎಂಬ ತಾಣಗಳಲ್ಲಿ ಹಳೆಯ ಕೃತಿಗಳ ಸ್ವರಲಿಪಿ ಉಚಿತವಾಗಿ ಸಿಗುತ್ತದೆ. ತೆರೆದರೆ ಒಂದು ಪುಟದಲ್ಲಿ ಮೇಲಿಂದ ಕೆಳಗೆ ನಲವತ್ತು ಸಾಲು. ಫೋನಿನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತದೆ, ಕಂಪ್ಯೂಟರಿನಲ್ಲಿ ನೋಡಿ.

ಮೊದಲ ಕೆಲವು ಪುಟಗಳಲ್ಲಿ ಹೆಚ್ಚಿನ ಸಾಲುಗಳು ಖಾಲಿ. ಮೇಲೆ ಮಾತ್ರ ಸ್ವರಗಳು. ಪುಟ ತಿರುವುತ್ತಾ ಹೋದ ಹಾಗೆ ಸ್ವರಗಳು ಓರೆಯಾಗಿ ಕೆಳಗೆ ಇಳಿಯುತ್ತವೆ, ಮೇಲಿನ ಸಾಲುಗಳು ಖಾಲಿಯಾಗುತ್ತವೆ. ನೀವು ಕಿವಿಯಲ್ಲಿ ಕೇಳಿದ ಅಲೆ ಈಗ ಕಣ್ಣಿಗೆ ಕಾಣಿಸುತ್ತದೆ. ನನಗೆ ತುಂಬ ಖುಷಿ ಕೊಟ್ಟ ಕ್ಷಣಗಳಲ್ಲಿ ಇದೂ ಒಂದು.

ಈಗ ಒಂದು ಸಾಲು ಆರಿಸಿ. ಮೊದಲ ಸಲಕ್ಕೆ ಒಂದನೆಯ ಮೇಳದ ಯಾವುದಾದರೂ ದನಿ ಸುಲಭ, ಶುರುವಿನಲ್ಲಿ ಗುಂಪು ಸಣ್ಣದು. ಅದರ ಮೇಲೆ ಬೆರಳಿಟ್ಟು ಹಿಂಬಾಲಿಸಿ. ಅರ್ಧ ನಿಮಿಷದಲ್ಲಿ ಕಳೆದುಕೊಳ್ಳುತ್ತೀರಿ. ಖಂಡಿತ ಕಳೆದುಕೊಳ್ಳುತ್ತೀರಿ. ಹಿಂದೆ ಹೋಗಿ ಮತ್ತೆ ಹುಡುಕಬೇಡಿ. ಆ ಹೊತ್ತಿಗೆ ಕಿವಿಗೆ ಯಾವ ದನಿ ಸಿಕ್ಕಿತೋ ಅದನ್ನು ಹಿಡಿದು ಮುಂದೆ ಹೋಗಿ. ಅದೂ ಕಳೆದರೆ ಇನ್ನೊಂದು.

ನಾನು ಈ ಲೇಖನ ಬರೆಯಲು ಕೂತದ್ದೇ ಇದನ್ನು ಹೇಳಲಿಕ್ಕೆ. ನಲವತ್ತನ್ನೂ ಒಟ್ಟಿಗೆ ಬಿಡಿಸಿ ಕೇಳಲು ಯಾರಿಂದಲೂ ಆಗುವುದಿಲ್ಲ. ಹಾಡುವವರಿಗೂ ಆಗುವುದಿಲ್ಲ. ಅವರು ತಮ್ಮ ಒಂದು ಸಾಲನ್ನು ಹಿಡಿದುಕೊಂಡು, ಖಾಲಿ ಬಾರ್‌ಗಳನ್ನು ಎಣಿಸುತ್ತಾ, ತಮ್ಮ ಸರದಿಗೆ ಕಾಯುತ್ತಿರುತ್ತಾರೆ. ಒಂದನ್ನು ಹಿಡಿಯುವುದು, ಬಿಡುವುದು, ಇನ್ನೊಂದನ್ನು ಹಿಡಿಯುವುದು. ಈ ಹಾಡನ್ನು ಕೇಳುವ ಕ್ರಮವೇ ಇದು. ಕಳೆದುಹೋಯಿತು ಅಂತ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ಮುಂದಿನ ಸಲ ಬೇರೆ ದನಿ ಸಿಗುತ್ತದೆ, ಹಾಡೂ ಬೇರೆಯಾಗುತ್ತದೆ.

ಲೆಕ್ಕ ಇಷ್ಟಪಡುವವರಿಗೆ ಒಂದು ಸಣ್ಣ ಉಡುಗೊರೆ. ಲ್ಯಾಟಿನ್ ಅಕ್ಷರಗಳಿಗೆ ಕ್ರಮವಾಗಿ ಅಂಕಿ ಕೊಡಿ. ಆ ಕಾಲದಲ್ಲಿ ‘ಐ’ ಮತ್ತು ‘ಜೆ’ ಒಂದೇ ಅಕ್ಷರ. ಟಾಲಿಸ್‌ನ ಹೆಸರಿನ ಆರು ಅಕ್ಷರಗಳ ಅಂಕಿ 19, 1, 11, 11, 9, 18. ಕೂಡಿದರೆ 69. ಇಂದಿನ ಮುದ್ರಣಗಳಲ್ಲಿ ಈ ಹಾಡಿನ ಉದ್ದ 138 ಬಾರ್. ಅದರ ಸರಿಯಾದ ಅರ್ಧ 69. ಬೇಕಂತಲೇ ಮಾಡಿದನೇ? ಹೌದು ಅಂದುಕೊಳ್ಳಲು ನನಗೆ ಇಷ್ಟ.

ಹಂತ 7: ಬೇರೆ ಬೇರೆ ಧ್ವನಿಮುದ್ರಣ ಹೋಲಿಸಿ

ಪೀಟರ್ ಫಿಲಿಪ್ಸ್ ನಡೆಸುವ ‘ಟಾಲಿಸ್ ಸ್ಕಾಲರ್ಸ್’ ತಂಡದ 1985ರ ಧ್ವನಿಮುದ್ರಣದಿಂದ ಶುರು ಮಾಡಿ. ಒಂದೊಂದು ದನಿಯೂ ತಿಳಿಯಾಗಿ, ನೇರವಾಗಿ ಕೇಳಿಸುತ್ತದೆ. ಮೇಲಿನ ದನಿಗಳನ್ನು ಹೆಂಗಸರು ಹಾಡಿದ್ದಾರೆ. ಆಮೇಲೆ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನ ಕಾಯರ್ ಡೇವಿಡ್ ವಿಲ್‌ಕಾಕ್ಸ್ ಮುಂದಾಳತ್ವದಲ್ಲಿ 1965ರಲ್ಲಿ ಮಾಡಿದ್ದನ್ನು ಕೇಳಿ. ಅಲ್ಲಿ ಮೇಲಿನ ದನಿ ಹುಡುಗರದು, ಜೊತೆಗೆ ಆ ದೊಡ್ಡ ಕಲ್ಲಿನ ಕಟ್ಟಡದ ಗುಂಗು. ಬೆಲ್ಜಿಯಂನ ‘ಹುಯೆಲ್ಗಾಸ್ ಆನ್ಸಾಂಬಲ್’ ಹಾಡಿದ್ದು ಇನ್ನೂ ಬೇರೆ ರುಚಿ.

ಮೂರನ್ನೂ ಪೂರ್ತಿ ಕೇಳಲು ಹೊತ್ತಿಲ್ಲದಿದ್ದರೆ ‘ರೆಸ್ಪಿಚೆ’ಯ ಮುಂಚಿನ ಆ ಮೌನವನ್ನು ಮಾತ್ರ ಹೋಲಿಸಿ. ಕಟ್ಟಡದ ಗುಂಗು ಜಾಸ್ತಿ ಇದ್ದಲ್ಲಿ ಮೌನವೂ ತುಂಬಿರುತ್ತದೆ, ಹಿಂದಿನ ಸ್ವರ ಇನ್ನೂ ಗಾಳಿಯಲ್ಲಿ ತೇಲುತ್ತಿರುತ್ತದೆ.

ಸ್ಟ್ರಿಜ್ಜೊನ ‘ಎಚ್ಚೆ ಬೆಆತಾಮ್ ಲೂಚೆಮ್’ ಕೂಡ ಸಿಗುತ್ತದೆ, ಅದೂ ನಲವತ್ತು ದನಿಗಳದು. ಒಮ್ಮೆ ಪಕ್ಕಪಕ್ಕದಲ್ಲಿ ಇಟ್ಟು ಕೇಳಿ. ಅದು ಹಬ್ಬದ ಹಾಡು, ಹೊಳೆಯುತ್ತದೆ. ಆದರೆ ಅಲ್ಲಿ ಹೆಚ್ಚಾಗಿ ಮೇಳಗಳು ಗುಂಪು ಗುಂಪಾಗಿ ಹಾಡುತ್ತವೆ. ಟಾಲಿಸ್‌ನಲ್ಲಿ ಒಬ್ಬೊಬ್ಬ ಮನುಷ್ಯನಿಗೂ ಅವನದೇ ದಾರಿ ಇದೆ. ಡ್ಯೂಕ್ ಸರ ಕೊಟ್ಟಿದ್ದರೆ ಸರಿಯಾದವರಿಗೇ ಕೊಟ್ಟಿದ್ದಾನೆ ಅಂತ ನನ್ನ ತೀರ್ಮಾನ.

ಹಂತ 8: ಸಾಧ್ಯವಾದರೆ ನಡುವೆ ಹೋಗಿ ನಿಲ್ಲಿ

ಈ ಹಾಡನ್ನು ಎದುರಾ ಎದುರು ಕೇಳುವ ಅವಕಾಶ ಕಡಿಮೆ. ತಮ್ಮ ಸಾಲನ್ನು ಒಬ್ಬರೇ ಹೊರಬಲ್ಲ ನಲವತ್ತು ಗಾಯಕರು ಒಂದೇ ಕಡೆ ಸೇರಬೇಕು. ಆದರೆ ಇನ್ನೊಂದು ದಾರಿ ಇದೆ. ಕೆನಡಾದ ಕಲಾವಿದೆ ಜಾನೆಟ್ ಕಾರ್ಡಿಫ್ 2001ರಲ್ಲಿ ಸಾಲ್ಸ್‌ಬರಿ ಕೆಥೀಡ್ರಲ್ ಕಾಯರ್ ಜೊತೆ ಇದನ್ನು ಧ್ವನಿಮುದ್ರಿಸಿದರು. ಪ್ರತಿ ಗಾಯಕರಿಗೂ ಬೇರೆ ಮೈಕ್. ಈಗ ಅದು ನಲವತ್ತು ಸ್ಪೀಕರ್‌ಗಳ ಒಂದು ಕಲಾಕೃತಿ. ಸ್ಪೀಕರ್‌ಗಳು ಆಳೆತ್ತರದಲ್ಲಿ, ಐದೈದರ ಗುಂಪಿನಲ್ಲಿ, ಮೊಟ್ಟೆಯಾಕಾರದ ಸುತ್ತಿನಲ್ಲಿ ಒಳಮುಖವಾಗಿ ನಿಂತಿರುತ್ತವೆ. ಒಂದು ಸ್ಪೀಕರ್, ಒಂದು ದನಿ. ಒಟ್ಟಾವಾದ ನ್ಯಾಷನಲ್ ಗ್ಯಾಲರಿ, ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಇವುಗಳ ಸಂಗ್ರಹದಲ್ಲಿದೆ, ಬೇರೆ ಊರುಗಳಿಗೂ ಪ್ರದರ್ಶನಕ್ಕೆ ಹೋಗುತ್ತಿರುತ್ತದೆ. ಆ ಕಡೆ ಇರುವ ಕನ್ನಡಿಗರು, ಅಥವಾ ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರು, ಹೋಗುವ ಮೊದಲು ಆಗ ಅದು ಎಲ್ಲಿದೆ ಅಂತ ವಿಚಾರಿಸಿಕೊಳ್ಳಿ.

ಒಂದು ಸುತ್ತು ಹದಿನಾಲ್ಕು ನಿಮಿಷ. ಹನ್ನೊಂದು ನಿಮಿಷ ಹಾಡು, ಮೂರು ನಿಮಿಷ ಬಿಡುವು. ಬಿಡುವಿನಲ್ಲಿ ಎದ್ದು ಹೊರಗೆ ಬರಬೇಡಿ. ಗಾಯಕರು ಕೆಮ್ಮುವುದು, ಗಂಟಲು ಸರಿಮಾಡಿಕೊಳ್ಳುವುದು, ಪಕ್ಕದವರ ಜೊತೆ ಮಾತಾಡುವುದು ಎಲ್ಲವೂ ಆ ಸ್ಪೀಕರ್‌ಗಳಿಂದ ಕೇಳಿಸುತ್ತದೆ. ಒಂದೊಂದಕ್ಕೂ ಕಿವಿ ಕೊಡುತ್ತಾ ಸುತ್ತು ಹಾಕಿ. ಯಾವ ದನಿ ನಿಮಗೆ ಇಷ್ಟವಾಯಿತೋ ಅದರ ಮುಂದೆ ಹೋಗಿ ನಿಲ್ಲಿ. ಹಾಡು ಶುರುವಾದ ಮೇಲೆ ಆ ಒಬ್ಬರ ಸಾಲನ್ನೇ ಕೇಳಿ, ಅವರು ಸುಮ್ಮನಿರುವಾಗಲೂ ಅಲ್ಲೇ ಇರಿ. ಕೊನೆಯ ‘ರೆಸ್ಪಿಚೆ’ಗೆ ಮೊದಲು ಮಾತ್ರ ನಾಲ್ಕು ಹೆಜ್ಜೆ ಹಿಂದೆ ನಡೆದು ಸುತ್ತಿನ ನಡುವೆ ಬಂದು ನಿಂತುಕೊಳ್ಳಿ.